ಥೋರಿಯನೈಟ್‌ನ ಪಾಠ, ನಮ್ಮ ವೀಕ್ಷಣಾ ನಮೂನೆ

ಬೋಧನಾಭ್ಯಾಸದ ವೀಕ್ಷಣಾ ಪುಸ್ತಕದಲ್ಲಿ ಎರಡು ವರ್ಷದ ಹಿಂದೆ ನಾನು ಬರೆದ ಒಂದು ಷರಾ ಈಗಲೂ ನನ್ನನ್ನು ಚುಚ್ಚುತ್ತಿದೆ. ಷರಾ ಚಿಕ್ಕದು: "ವಿಷಯಾಂತರ. ಕಾಲನಿರ್ವಹಣೆ ಸಾಲದು. ಕಪ್ಪುಹಲಗೆ ಸಾರಾಂಶ ಅಪೂರ್ಣ." ಅದರ ಕೆಳಗೆ ಆ ಪ್ರಶಿಕ್ಷಣಾರ್ಥಿಗೆ ಆ ಸಲದ ಅತಿ ಕಡಿಮೆ ಅಂಕ, ಅದರ ಕೆಳಗೆ ನನ್ನ ಸಹಿ.

ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆ, ಹತ್ತನೆಯ ತರಗತಿ, ಸಮಾಜ ವಿಜ್ಞಾನ. ಪಾಠ ಭಾರತದ ಖನಿಜಗಳದು. ನಾನು ವಿಜ್ಞಾನ ಬೋಧನೆಯವನು. ಆ ದಿನ ಸಹೋದ್ಯೋಗಿ ರಜೆಯಲ್ಲಿದ್ದುದರಿಂದ ಅವರ ತಂಡದ ಪಾಠಗಳನ್ನೂ ನಾನೇ ನೋಡಬೇಕಾಗಿತ್ತು. ಪ್ರಶಿಕ್ಷಣಾರ್ಥಿ ಅಚ್ಚುಕಟ್ಟಾಗಿ ತಯಾರಾಗಿ ಬಂದಿದ್ದರು. ಪೀಠಿಕೆಯ ಪ್ರಶ್ನೆಗಳು ಮುಗಿದವು, ಶೀರ್ಷಿಕೆ ಹಲಗೆಗೆ ಬಂತು, ಆಮೇಲೆ ಚಾರ್ಟ್ ತೂಗುಹಾಕಿದರು. ಖನಿಜಗಳ ವಿಧಗಳು: ಲೋಹ ಖನಿಜಗಳು, ಅಲೋಹ ಖನಿಜಗಳು, ಇಂಧನ ಖನಿಜಗಳು, ವಿಕಿರಣಶೀಲ ಖನಿಜಗಳು. ನಾಲ್ಕು ಬಣ್ಣ, ನಾಲ್ಕು ಕೊಂಬೆ. ಕೊನೆಯ ಕೊಂಬೆಯಲ್ಲಿ ಯುರೇನಿಯಂ, ಥೋರಿಯಂ.

ಮಧ್ಯದ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮಿಸ್, ಯುರೇನಿಯಂ ಲೋಹ ತಾನೆ? ಮತ್ತೆ ಅದನ್ಯಾಕೆ ಬೇರೆ ಬರ್ದಿದ್ದೀರ?" ಪ್ರಶಿಕ್ಷಣಾರ್ಥಿ ಚಾರ್ಟ್ ನೋಡಿದರು, ಹುಡುಗಿಯನ್ನು ನೋಡಿದರು. "ಹೌದಲ್ಲ, ಲೋಹವೇ. ಇಂಧನವೂ ಹೌದು. ಹಾಗಾದ್ರೆ ಎಲ್ಲಿ ಬರೀಬೇಕು, ಹೇಳಿ?" ಅಂದುಬಿಟ್ಟರು. ಅಲ್ಲಿಗೆ ಪಾಠಯೋಜನೆ ಕೈಬಿಟ್ಟಿತು. ಹಿಂದಿನ ಸಾಲಿನಿಂದ ಒಬ್ಬ, "ಮಿಸ್, ನಮ್ಮತ್ತೆ ಊರು ಮರಳಗಾಲದ ತಾವ. ಅಲ್ಲಿ ಅಣು ಇಲಾಖೆಯೋರು ಬಂದು ಅಗ್ದವ್ರಂತೆ. ಆ ಕಲ್ಲು ಮುಟ್ಟುದ್ರೆ ಏನಾರ ಆಯ್ತದಾ?" ಎಂದ. ತರಗತಿಯಲ್ಲಿ ಗದ್ದಲವೋ ಗದ್ದಲ. ಎಲ್ಲರಿಗೂ ಹೇಳುವುದಕ್ಕೆ ಏನೋ ಇತ್ತು. ಗಂಟೆ ಹೊಡೆದಾಗ ಮೌಲ್ಯಮಾಪನದ ಪ್ರಶ್ನೆಗಳು ಹಾಗೆಯೇ ಉಳಿದಿದ್ದವು, ಗೃಹಪಾಠ ಕೊಟ್ಟಿರಲಿಲ್ಲ. ನಾನು ಹಿಂದೆ ಕೂತು ಷರಾ ಬರೆದೆ.

ಆ ಎರಡು ಪ್ರಶ್ನೆಗಳು ಎಷ್ಟು ಒಳ್ಳೆಯವು ಎಂಬುದು ನನಗೆ ತಿಳಿದದ್ದು ಬಸ್ಸಿನಲ್ಲಿ ಮಂಡ್ಯಕ್ಕೆ ಮರಳುವಾಗ. ವರ್ಗೀಕರಣದ ನಿಯಮವನ್ನು ನಾವೇ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸುತ್ತೇವೆ: ಒಂದು ವಿಂಗಡಣೆಗೆ ಒಂದೇ ಆಧಾರವಿರಬೇಕು, ವಿಭಾಗಗಳು ಒಂದರ ಮೇಲೊಂದು ಬೀಳಬಾರದು, ಯಾವುದೂ ಹೊರಗೆ ಉಳಿಯಬಾರದು. ಆ ಚಾರ್ಟ್‌ನಲ್ಲಿ ಆಧಾರ ಮೂರಿದ್ದವು. ಲೋಹ, ಅಲೋಹ ಎಂಬುದು ರಸಾಯನದ ಗುಣ. ಇಂಧನ ಎಂಬುದು ಉಪಯೋಗ. ವಿಕಿರಣಶೀಲ ಎಂಬುದು ಪರಮಾಣುವಿನ ನ್ಯೂಕ್ಲಿಯಸ್ಸಿನ ವರ್ತನೆ. ಹತ್ತನೆಯ ತರಗತಿಯ ಹುಡುಗಿ ಅದನ್ನು ಕಂಡಳು. ನಾನು ಕಂಡದ್ದು ಗಡಿಯಾರವನ್ನು.

ಅಂದಿನಿಂದ ನನ್ನ ವಿಜ್ಞಾನ ಬೋಧನಾ ತರಗತಿಯಲ್ಲಿ ವರ್ಗೀಕರಣದ ಪಾಠಕ್ಕೆ ಒಂದೇ ಖನಿಜವನ್ನು ಇಟ್ಟುಕೊಂಡಿದ್ದೇನೆ, ಥೋರಿಯನೈಟ್. ಇದು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೂ ಇದನ್ನೇ ಏಕೆ ಹಿಡಿದೆ ಎಂದು ಕೇಳುವ ಸಹೋದ್ಯೋಗಿಗಳಿಗಾಗಿ ಈ ಲೇಖನ.

ಆನಂದ ಕುಮಾರಸ್ವಾಮಿಯವರ ಹೆಸರು ಕನ್ನಡದ ಓದುಗರಿಗೆ ಹೊಸದಲ್ಲ. ನಟರಾಜನ ವಿಗ್ರಹದ ಬಗ್ಗೆ ಬರೆದವರು, ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿ ಭಾರತೀಯ ಕಲೆಯ ವಿಭಾಗ ಕಟ್ಟಿದವರು ಎಂದು ಗೊತ್ತು. ಆದರೆ ಅವರು ಓದಿದ್ದು ಭೂವಿಜ್ಞಾನ ಮತ್ತು ಸಸ್ಯವಿಜ್ಞಾನ, ಲಂಡನ್ನಿನಲ್ಲಿ. 1877ರಲ್ಲಿ ಕೊಲಂಬೋದಲ್ಲಿ ಹುಟ್ಟಿದ ಅವರು ಇಪ್ಪತ್ತೈದು ದಾಟುತ್ತಲೇ ಸಿಲೋನಿನ ಖನಿಜ ಸರ್ವೇಕ್ಷಣೆಯ ಮೊದಲ ನಿರ್ದೇಶಕರಾದರು. ಆ ನಾಡಿನಲ್ಲಿ ರತ್ನ ಹುಡುಕುವವರು ಜಲ್ಲಿಮಣ್ಣನ್ನು ಬುಟ್ಟಿಯಲ್ಲಿ ಹಾಕಿ ನೀರಿನಲ್ಲಿ ತಿರುಗಿಸಿ ತೊಳೆಯುತ್ತಾರೆ. ಹಗುರವಾದದ್ದು ಹೊರಗೆ ಹೋಗುತ್ತದೆ, ಭಾರವಾದದ್ದು ತಳದಲ್ಲಿ ನಿಲ್ಲುತ್ತದೆ. ಹಾಗೆ ನಿಂತ ಮಾಣಿಕ್ಯ, ನೀಲಗಳ ಜೊತೆಗೆ ಕರಿಯ ಪುಟ್ಟ ಘನಾಕೃತಿಯ ಹರಳುಗಳೂ ಸಿಗುತ್ತಿದ್ದವು. ಅಂಚು ಸವೆದ, ಗಾತ್ರಕ್ಕೆ ಮೀರಿದ ತೂಕದ ಹರಳುಗಳು. 1904ರಲ್ಲಿ ಕುಮಾರಸ್ವಾಮಿಯವರು ಅದನ್ನು ಪರೀಕ್ಷಿಸಿ ಯುರೇನಿನೈಟ್ ಎಂದು ಬರೆದರು, ಅಂದರೆ ಯುರೇನಿಯಂನ ಆಕ್ಸೈಡ್. ಲಂಡನ್ನಿನಲ್ಲಿ ವಿಂಡಮ್ ಡನ್‌ಸ್ಟನ್ ವಿಶ್ಲೇಷಿಸಿದಾಗ ಅದರಲ್ಲಿ ಯುರೇನಿಯಂಗಿಂತ ಎಷ್ಟೋ ಪಾಲು ಹೆಚ್ಚು ಥೋರಿಯಂ ಇರುವುದು ತಿಳಿಯಿತು. ಹೊಸ ಖನಿಜ ಎಂದಾಯಿತು. ಥೋರಿಯನೈಟ್ ಎಂಬ ಹೆಸರು ಡನ್‌ಸ್ಟನ್ ಇಟ್ಟದ್ದು.

ಕುಮಾರಸ್ವಾಮಿ ತಪ್ಪಿದರು ಎಂದು ಹೇಳಿ ಮುಂದೆ ಹೋದರೆ ಪಾಠವೇ ತಪ್ಪಿಹೋಗುತ್ತದೆ. ಅವರು ಏಕೆ ಹಾಗೆ ಬರೆದರು ಎಂದು ಪ್ರಶಿಕ್ಷಣಾರ್ಥಿಗಳಿಗೆ ಕೇಳುತ್ತೇನೆ. ಎರಡೂ ಖನಿಜಗಳ ಗುಣಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ ಎನ್ನುತ್ತೇನೆ. ಬಣ್ಣ: ಎರಡೂ ಕಪ್ಪು ಅಥವಾ ಕಂದುಗಪ್ಪು. ಹೊಳಪು: ಎರಡಕ್ಕೂ ಅರೆಲೋಹದ ಹೊಳಪು. ಹರಳಿನ ಆಕಾರ: ಎರಡೂ ಘನ ವ್ಯವಸ್ಥೆ. ಒಳರಚನೆಯಲ್ಲಿ ಪರಮಾಣುಗಳು ಕೂತಿರುವ ಕ್ರಮವೂ ಒಂದೇ, ಫ್ಲೋರೈಟ್‌ನ ಕ್ರಮ: ಪ್ರತಿ ಲೋಹ ಪರಮಾಣುವಿನ ಸುತ್ತ ಎಂಟು ಆಕ್ಸಿಜನ್, ಪ್ರತಿ ಆಕ್ಸಿಜನ್ ಸುತ್ತ ನಾಲ್ಕು ಲೋಹ. ಎರಡೂ ಬಹಳ ಭಾರ. ಎರಡೂ ವಿಕಿರಣಶೀಲ. ಗಡಸುತನದಲ್ಲಿ ಥೋರಿಯನೈಟ್ ಒಂದು ಕೂದಲೆಳೆ ಮುಂದೆ, ಮೋಸ್ ಮಾನದಲ್ಲಿ ಆರೂವರೆಯಿಂದ ಏಳು. ಒರೆಗೆ ಹಚ್ಚಿದರೆ ಬೂದು ಅಥವಾ ಹಸಿರು ಮಿಶ್ರಿತ ಬೂದು ಗೆರೆ. ಇಷ್ಟರಿಂದ ಯಾರು ಬೇರೆ ಮಾಡಿಯಾರು? ಕಣ್ಣಿಗೆ, ಕೈಗೆ ಸಿಗುವ ಗುಣಗಳು ಒಂದು ವಸ್ತುವನ್ನು ಗುರುತಿಸುವುದಕ್ಕೆ ಸಹಾಯ ಮಾಡುತ್ತವೆ. ಅದು ಯಾವ ವರ್ಗಕ್ಕೆ, ಯಾವ ಜಾತಿಗೆ ಸೇರಿದ್ದು ಎಂದು ತೀರ್ಮಾನಿಸಲು ಸಂಯೋಜನೆ ತಿಳಿಯಬೇಕು. "ಖನಿಜದ ಗುಣಲಕ್ಷಣಗಳನ್ನು ಪಟ್ಟಿಮಾಡುವರು" ಎಂಬ ಉದ್ದೇಶವನ್ನು ಪಾಠಯೋಜನೆಯಲ್ಲಿ ಬರೆದು ತೃಪ್ತಿಪಡುವ ನಮಗೆ ಈ ವ್ಯತ್ಯಾಸ ಗೊತ್ತಿರಬೇಕು.

ಇಷ್ಟಾದ ಮೇಲೆ ಇನ್ನೊಂದು ತೊಡಕು. ಥೋರಿಯನೈಟ್‌ನ ಸೂತ್ರ ಒಂದು ಥೋರಿಯಂ, ಎರಡು ಆಕ್ಸಿಜನ್. ಪೂರ್ತಿ ಶುದ್ಧವಾಗಿದ್ದರೆ ತೂಕದಲ್ಲಿ ಶೇಕಡ 87.9 ಥೋರಿಯಂ. ನಿಸರ್ಗದಲ್ಲಿ ಅಷ್ಟು ಶುದ್ಧವಾಗಿ ಅದು ಸಿಗುವುದಿಲ್ಲ. ಥೋರಿಯಂ ಕೂತಿರಬೇಕಾದ ಜಾಗದಲ್ಲಿ ಯುರೇನಿಯಂ ಕೂರಬಹುದು, ಸೀರಿಯಂ ಮೊದಲಾದ ವಿರಳ ಭಸ್ಮ ಧಾತುಗಳೂ ಸ್ವಲ್ಪ ಬರಬಹುದು. ಹಾಲಿಗೆ ನೀರು ಬೆರೆಸಿದ ಹಾಗೆ ಯಾವ ಪ್ರಮಾಣದಲ್ಲಿ ಬೇಕಾದರೂ ಬೆರೆತು ಒಂದೇ ಹರಳಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಘನ ದ್ರಾವಣ ಎನ್ನುತ್ತಾರೆ. ಒಂದು ತುದಿ ಥೋರಿಯನೈಟ್, ಇನ್ನೊಂದು ತುದಿ ಯುರೇನಿನೈಟ್, ನಡುವೆ ಎಲ್ಲಿಯೂ ಗೋಡೆಯಿಲ್ಲ. ಖನಿಜತಜ್ಞರು ಸರಿಯಾಗಿ ನಡುವೆ ಗೆರೆ ಎಳೆದಿದ್ದಾರೆ: ಪರಮಾಣುಗಳ ಲೆಕ್ಕದಲ್ಲಿ ಥೋರಿಯಂ ಹೆಚ್ಚಿದ್ದರೆ ಥೋರಿಯನೈಟ್, ಯುರೇನಿಯಂ ಹೆಚ್ಚಿದ್ದರೆ ಯುರೇನಿನೈಟ್. ಯುರೇನಿಯಂ ಧಾರಾಳವಾಗಿ ಬೆರೆತದ್ದನ್ನು ಯುರೇನೋಥೋರಿಯನೈಟ್ ಎಂದು ಕರೆಯುವ ವಾಡಿಕೆಯಿದ್ದರೂ ಅದು ಬೇರೆ ಜಾತಿಯಲ್ಲ. ಸೊಸೈಟಿಯ ಡೇರಿಗೆ ಹಾಲು ಹಾಕುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೊಬ್ಬಿನ ಅಂಶ ಇಷ್ಟಕ್ಕಿಂತ ಹೆಚ್ಚಿದ್ದರೆ ಒಂದು ದರ, ಕಡಿಮೆಯಾದರೆ ಇನ್ನೊಂದು ದರ. ಹಾಲಿನಲ್ಲಿ ಗೆರೆಯಿರುವುದಿಲ್ಲ, ಗೆರೆ ಇರುವುದು ಪಟ್ಟಿಯಲ್ಲಿ.

ಇನ್ನು "ವಿಕಿರಣಶೀಲ ಖನಿಜ" ಎಂಬ ನಾಲ್ಕನೆಯ ಕೊಂಬೆಯ ಮಾತು. ಖನಿಜಶಾಸ್ತ್ರದ ದೊಡ್ಡ ಪದ್ಧತಿಗಳಾದ ಡಾನಾ, ಸ್ಟ್ರುಂಜ್ ಇವುಗಳಲ್ಲಿ ಅಂಥ ವರ್ಗವೇ ಇಲ್ಲ. ಅಲ್ಲಿ ಕೇಳುವುದು ಬೇರೆ: ಲೋಹದ ಜೊತೆ ಕೂಡಿಕೊಂಡ ಋಣ ಭಾಗ ಯಾವುದು? ಆಕ್ಸಿಜನ್ ಮಾತ್ರ ಇದ್ದರೆ ಆಕ್ಸೈಡ್, ಗಂಧಕವಾದರೆ ಸಲ್ಫೈಡ್, ಸಿಲಿಕಾನ್ ಮತ್ತು ಆಕ್ಸಿಜನ್ ಗುಂಪಾದರೆ ಸಿಲಿಕೇಟ್, ಹೀಗೆ. ಥೋರಿಯಂ ಇರುವ ಮೂರು ಖನಿಜಗಳನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿ ನೋಡಿ. ಥೋರಿಯನೈಟ್ ಆಕ್ಸೈಡ್. ಥೋರೈಟ್ ಸಿಲಿಕೇಟ್. ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿಯ ಕಡಲ ಮರಳಿನಲ್ಲಿರುವ ಮೊನಜೈಟ್ ಫಾಸ್ಫೇಟ್. ನಮ್ಮ ಚಾರ್ಟ್‌ನಲ್ಲಿ ಒಂದೇ ಕೊಂಬೆಯಲ್ಲಿ ಕೂತವು ಇಲ್ಲಿ ಮೂರು ಮನೆಗೆ ಹೋದವು. ಥೋರಿಯನೈಟ್‌ನ ಮನೆಯಲ್ಲಿ ಇನ್ನಾರಿದ್ದಾರೆ ಎಂದು ನೋಡಿದರೆ ಬಳ್ಳಾರಿ, ಸಂಡೂರಿನ ಹೆಮಟೈಟ್ ಇದೆ, ಮ್ಯಾಗ್ನಟೈಟ್ ಇದೆ, ಸಿಲೋನಿನಲ್ಲಿ ಅದೇ ಬುಟ್ಟಿಯ ತಳದಲ್ಲಿ ಸಿಕ್ಕ ಮಾಣಿಕ್ಯವೂ ಇದೆ, ಅದು ಅಲ್ಯೂಮಿನಿಯಂ ಆಕ್ಸೈಡ್. ಒಂದನ್ನು ಉಂಗುರಕ್ಕೆ ಕೂರಿಸುತ್ತೇವೆ, ಇನ್ನೊಂದನ್ನು ಸೀಸದ ಡಬ್ಬಿಯಲ್ಲಿ ಇಡುತ್ತೇವೆ.

ಪದ್ಧತಿಗಳು ದೇವರು ಬರೆದು ಕೊಟ್ಟವಲ್ಲ ಎಂದು ತೋರಿಸಲು ಬೆಣಚುಕಲ್ಲು ಸಾಕು. ನಮ್ಮ ಜಿಲ್ಲೆಯ ಯಾವ ಹೊಲದ ಬದುವಿನಲ್ಲಿ ಹುಡುಕಿದರೂ ಸಿಗುತ್ತದೆ. ಸೂತ್ರ ನೋಡಿದರೆ ಸಿಲಿಕಾನ್ ಡೈಆಕ್ಸೈಡ್. ಸ್ಟ್ರುಂಜ್ ಅದನ್ನು ಆಕ್ಸೈಡ್‌ಗಳ ಜೊತೆ ಇಟ್ಟರು. ಡಾನಾ ಪದ್ಧತಿ ಒಳರಚನೆಯನ್ನು ನೋಡಿ ಸಿಲಿಕೇಟ್‌ಗಳ ಜೊತೆ ಇಟ್ಟಿತು. ಇಬ್ಬರಿಗೂ ಕಾರಣವಿದೆ.

ಮರಳಗಾಲದ ಹುಡುಗನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಪಾಠ ಮಾಡುವವರು ಅದಕ್ಕೆ ಉತ್ತರ ಸಿದ್ಧ ಇಟ್ಟುಕೊಳ್ಳಲೇಬೇಕು. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣದ ಸುತ್ತ ಪೆಗ್ಮಟೈಟ್ ಎಂಬ ದಪ್ಪಹರಳಿನ ಶಿಲೆಯ ಪಟ್ಟಿಗಳಿವೆ. ಅಲ್ಲಿ ಲಿಥಿಯಂ ಇದೆ ಎಂಬ ಸುದ್ದಿ 2020ರಲ್ಲಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, 14,100 ಟನ್ ಎಂಬ ಅಂಕಿಯೊಂದಿಗೆ. 2021ರ ಫೆಬ್ರವರಿಯಲ್ಲಿ ಲೋಕಸಭೆಗೆ ಸರ್ಕಾರ ಕೊಟ್ಟ ಉತ್ತರದಲ್ಲಿ ಅದು 1,600 ಟನ್, ಅದೂ ಪ್ರಾಥಮಿಕ ಅಂದಾಜು. ಸರ್ವೇಕ್ಷಣೆ ಮಾಡಿದ್ದು ಪರಮಾಣು ಖನಿಜ ನಿರ್ದೇಶನಾಲಯ. ಹೆಸರಿನಲ್ಲಿ ಪರಮಾಣು ಇದ್ದುದರಿಂದ ಕಲ್ಲು ವಿಷದ ಕಲ್ಲು ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿತು. ವಾಸ್ತವದಲ್ಲಿ ಲಿಥಿಯಂ ವಿಕಿರಣಶೀಲ ಧಾತುವೇ ಅಲ್ಲ. ಅದು ಅಲ್ಲಿರುವುದು ಸ್ಪೋಡುಮೀನ್ ಎಂಬ ಸಿಲಿಕೇಟ್‌ನಲ್ಲಿ. ಅದೇ ಶಿಲೆಯಲ್ಲಿ ಕೊಲಂಬೈಟ್, ಟ್ಯಾಂಟಲೈಟ್ ಎಂಬ ಕರಿಯ ಭಾರದ ಖನಿಜಗಳಿವೆ. ಅವು ಆಕ್ಸೈಡ್‌ಗಳು, ನಮ್ಮ ಥೋರಿಯನೈಟ್‌ನ ದೂರದ ಬಂಧುಗಳು. ಕೊಲಂಬೈಟ್‌ನಲ್ಲಿ ಕೆಲವೊಮ್ಮೆ ಯುರೇನಿಯಂ ಲೇಶ ಬೆರೆತಿದ್ದು ತುಸು ವಿಕಿರಣ ತೋರುವುದುಂಟು. ತುಸು ಎಂಬ ಮಾತನ್ನು ಒತ್ತಿ ಹೇಳಬೇಕು: ಗ್ರಾನೈಟಿನ ಚಪ್ಪಡಿಯಲ್ಲೂ ಪೊಟ್ಯಾಸಿಯಂನಿಂದ, ಅಣುಮಾತ್ರದ ಥೋರಿಯಂ ಯುರೇನಿಯಂಗಳಿಂದ ಹೊರಬೀಳುವ ವಿಕಿರಣ ಇದ್ದೇ ಇರುತ್ತದೆ. ನಾವು ಕೂರುವ ಜಗುಲಿಯಿಂದ ಥೋರಿಯನೈಟ್‌ವರೆಗೆ ಇದು ಏರುತ್ತ ಹೋಗುವ ಮೆಟ್ಟಿಲು. ಎಲ್ಲಿಂದ ಮುಂದೆ "ವಿಕಿರಣಶೀಲ" ಎಂದು ಕರೆಯಬೇಕು ಎಂಬುದಕ್ಕೂ ಯಾರಾದರೂ ಗೆರೆ ಎಳೆಯಲೇಬೇಕು.

ಹಾಗಾದರೆ ಪರಮಾಣು ಇಲಾಖೆಗೆ ಅಲ್ಲೇನು ಕೆಲಸ? ಇದಕ್ಕೆ ಉತ್ತರ ಕಾನೂನಿನಲ್ಲಿದೆ, ಮತ್ತು ವರ್ಗೀಕರಣದ ಪಾಠಕ್ಕೆ ಇಷ್ಟು ಚೆನ್ನಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಗಣಿ ಮತ್ತು ಖನಿಜಗಳ ಕಾಯಿದೆಯಲ್ಲಿ ಪರಮಾಣು ಖನಿಜಗಳ ಪಟ್ಟಿಯೊಂದಿದೆ. ಅದರಲ್ಲಿ ಹನ್ನೆರಡು ಬಗೆಯ ಖನಿಜಗಳಿದ್ದವು, ಲಿಥಿಯಂ ಖನಿಜವೂ ಒಂದು. 2023ರ ತಿದ್ದುಪಡಿಯಲ್ಲಿ ಲಿಥಿಯಂ, ಬೆರಿಲಿಯಂ, ನಯೋಬಿಯಂ, ಟ್ಯಾಂಟಲಂ, ಟೈಟಾನಿಯಂ, ಜಿರ್ಕೋನಿಯಂ ಈ ಆರನ್ನು ಆ ಪಟ್ಟಿಯಿಂದ ತೆಗೆದರು. ಯುರೇನಿಯಂ, ಥೋರಿಯಂ ಖನಿಜಗಳು ಪಟ್ಟಿಯಲ್ಲೇ ಉಳಿದವು. ಮರಳಗಾಲದ ಕಲ್ಲು ಇದ್ದಲ್ಲೇ ಇದೆ, ಒಂದು ಪರಮಾಣುವೂ ಬದಲಾಗಿಲ್ಲ. ನಿನ್ನೆ ಪರಮಾಣು ಖನಿಜ, ಇಂದು ಅಲ್ಲ. ರಸಾಯನಶಾಸ್ತ್ರಜ್ಞ ಕೇಳುವ ಪ್ರಶ್ನೆ ಒಂದು, ಗಣಿ ಇಲಾಖೆ ಕೇಳುವ ಪ್ರಶ್ನೆ ಇನ್ನೊಂದು, ಆ ಹುಡುಗನ ಅತ್ತೆ ಕೇಳುವ ಪ್ರಶ್ನೆ ಮತ್ತೊಂದು. ವಿಂಗಡಣೆ ಹುಟ್ಟುವುದು ಪ್ರಶ್ನೆಯಿಂದ.

ಕಳೆದ ವರ್ಷ ಮಳವಳ್ಳಿಯ ಕಡೆಗೆ ಹೋದ ತಂಡದ ಒಬ್ಬ ಪ್ರಶಿಕ್ಷಣಾರ್ಥಿ ಇದನ್ನೇ ಪಾಠ ಮಾಡಿದರು, ಆಕ್ಸೈಡ್ ಅದಿರುಗಳ ಘಟಕಕ್ಕೆ ಸೇರಿಸಿ. ಬ್ರೂನರ್ ಅವರ ಪರಿಕಲ್ಪನಾ ಸಾಧನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತು ರಟ್ಟಿನ ಚೀಟಿ ಮಾಡಿದ್ದರು: ಥೋರಿಯನೈಟ್, ಯುರೇನಿನೈಟ್, ಥೋರೈಟ್, ಮೊನಜೈಟ್, ಹೆಮಟೈಟ್, ಮ್ಯಾಗ್ನಟೈಟ್, ಮಾಣಿಕ್ಯ, ಬೆಣಚು, ಸ್ಪೋಡುಮೀನ್, ಕೊಲಂಬೈಟ್. ಪ್ರತಿ ಚೀಟಿಯಲ್ಲಿ ಬಣ್ಣ, ತೂಕ, ಯಾವ ಧಾತುಗಳಿವೆ, ಎಲ್ಲಿ ಸಿಗುತ್ತದೆ. ಗುಂಪುಗಳಿಗೆ ಹಂಚಿ, "ನಿಮಗೆ ಸರಿ ಕಂಡ ಹಾಗೆ ವಿಂಗಡಿಸಿ, ಆದರೆ ಯಾವ ಆಧಾರದಿಂದ ಅಂತ ಹೇಳಬೇಕು" ಎಂದಷ್ಟೇ ಹೇಳಿದರು. ಒಂದು ಗುಂಪು ಬಣ್ಣದಿಂದ ವಿಂಗಡಿಸಿತು. ಇನ್ನೊಂದು ಸಿಗುವ ಜಾಗದಿಂದ. ಮೂರನೆಯದು ಆಕ್ಸಿಜನ್ ಒಂದೇ ಇದೆಯೇ, ಜೊತೆಗೆ ಬೇರೆ ಇದೆಯೇ ಎಂದು ನೋಡಿತು; ಪಾಠಯೋಜನೆಗೆ ಬೇಕಾಗಿದ್ದದ್ದು ಅದು. ನಾಲ್ಕನೆಯ ಗುಂಪಿನ ಹುಡುಗಿಯರು ಮಾಡಿದ ಎರಡು ರಾಶಿ: ಮನೇಲಿ ಇಟ್ಕೋಬಹುದು, ಇಟ್ಕೋಬಾರದು. ಪ್ರಶಿಕ್ಷಣಾರ್ಥಿಯ ಬಾಯಿಗೆ "ತಪ್ಪು" ಎಂಬ ಮಾತು ಬಂದದ್ದು ನನಗೆ ಕಾಣಿಸಿತು. ನುಂಗಿಕೊಂಡರು. "ಇದು ಯಾರಿಗೆ ಬೇಕಾದ ವಿಂಗಡಣೆ?" ಎಂದು ಕೇಳಿದರು. "ನಮ್ಮ ಅಮ್ಮಂಗೆ ಸಾ," ಎಂದಳು ಒಬ್ಬಳು.

ತೂಕದ ಕಲ್ಪನೆ ಕೊಡಲು ಅವರು ಮಾಡಿದ ಉಪಾಯವನ್ನೂ ಹೇಳಬೇಕು, ಖರ್ಚಿಲ್ಲದ್ದು. ಒಂದು ಖಾಲಿ ಬೆಂಕಿಪೊಟ್ಟಣ, ಸುಮಾರು 25 ಘನ ಸೆಂಟಿಮೀಟರಿನದು. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಮರಳು, ಅಂಗಡಿಯಲ್ಲಿ ತೂಗಿಸಿ ತಂದದ್ದು: ಒಂದು 66 ಗ್ರಾಂ, ಇನ್ನೊಂದು 240 ಗ್ರಾಂ. ಈ ಪೊಟ್ಟಣದ ತುಂಬ ಬೆಣಚುಕಲ್ಲಿದ್ದರೆ ಮೊದಲನೆಯದರಷ್ಟು ಭಾರ, ಥೋರಿಯನೈಟ್ ಇದ್ದರೆ ಎರಡನೆಯದರಷ್ಟು ಎಂದು ಕೈಗೆ ಕೊಟ್ಟರು. ನೀರಿಗಿಂತ 9.7 ಪಟ್ಟು ಸಾಂದ್ರತೆ ಎಂಬ ಅಂಕಿ ಹಾಗೆ ಕೈಗೆ ಹತ್ತಿತು. ಆಮೇಲೆ ಮಳೆ ನಿಂತ ಮೇಲೆ ರಸ್ತೆ ಬದಿಯ ನೀರಿನ ಜಾಡಿನಲ್ಲಿ ಉಳಿಯುವ ಕರಿಮರಳನ್ನು ತಟ್ಟೆಯಲ್ಲಿ ತೊಳೆದು, ಹಳೆಯ ಸ್ಪೀಕರಿನ ಆಯಸ್ಕಾಂತ ಆಡಿಸಿದರು. ಅಂಟಿಕೊಂಡ ಮ್ಯಾಗ್ನಟೈಟ್ ಮಕ್ಕಳ ಕೈಗೆ ಸಿಗುವ ಆಕ್ಸೈಡ್. ಸಿಲೋನಿನ ರತ್ನದ ಬುಟ್ಟಿಯಲ್ಲಿ ನಡೆಯುವುದೂ ಇದೇ ತೊಳೆತ.

ಥೋರಿಯನೈಟ್ ಆಗಲಿ, ಬೇರಾವುದೇ ವಿಕಿರಣಶೀಲ ಮಾದರಿಯಾಗಲಿ ತರಗತಿಗೆ ತರಕೂಡದು. ಥೋರಿಯಂನಿಂದ ಮುಂದುವರಿಯುವ ಸರಣಿಯಲ್ಲಿ ಬಹಳ ಶಕ್ತಿಯ ಗಾಮಾ ಕಿರಣಗಳೂ ಹೊರಬೀಳುತ್ತವೆ, ಅವನ್ನು ತಡೆಯುವುದು ಸುಲಭವಲ್ಲ. ಹಳೆಯ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ ತರುವ ಉತ್ಸಾಹವೂ ಬೇಡ. ಆ ಬಲೆಯ ಬಹುಪಾಲು ಥೋರಿಯಂ ಆಕ್ಸೈಡೇ, ಜೊತೆಗೆ ಶೇಕಡ ಒಂದರಷ್ಟು ಸೀರಿಯಂ ಆಕ್ಸೈಡ್. ಮುಟ್ಟಿದರೆ ಉದುರುವ ಆ ಬೂದಿಯನ್ನು ಮಕ್ಕಳು ಉಸಿರಾಡಬಾರದು. ಮಾತಿನಲ್ಲಿ ಮಾತ್ರ ತನ್ನಿ. ಥೋರಿಯಂ ಆಕ್ಸೈಡ್ ಕರಗಲು ಸುಮಾರು 3,300 ಡಿಗ್ರಿ ಸೆಲ್ಸಿಯಸ್ ಬೇಕು. ಆಲೆಮನೆಯಲ್ಲಿ, ಮದುವೆ ಚಪ್ಪರದಲ್ಲಿ ಆ ದೀಪ ಅಷ್ಟು ಬೆಳ್ಳಗೆ ಉರಿದರೂ ಬಲೆ ಕರಗದೆ ನಿಂತದ್ದು ಅದರಿಂದ. 1904ರಲ್ಲಿ ಸಿಲೋನಿನ ಕರಿಯ ಹರಳಿಗೆ ಬೇಡಿಕೆ ಬಂದದ್ದೂ ಬೆಳಕಿಗಾಗಿ, ಬಾಂಬಿಗಾಗಿಯಲ್ಲ. ಮಕ್ಕಳ ಅಜ್ಜಂದಿರನ್ನು ಕೇಳಿಬರಲು ಹೇಳಿದರೆ ಒಳ್ಳೆಯ ಗೃಹಪಾಠ.

ಸಹೋದ್ಯೋಗಿಗಳ ಆಕ್ಷೇಪಗಳು ನನಗೆ ಗೊತ್ತು. ಪಠ್ಯದಲ್ಲಿ ಇಲ್ಲದ ಖನಿಜ, ಪರೀಕ್ಷೆಗೆ ಬಾರದ ಹೆಸರು. ನಿಜ. ಎಸ್ಸೆಸ್ಸೆಲ್ಸಿ ಮಗುವಿಗೆ ಥೋರಿಯನೈಟ್ ಹೆಸರು ಬೇಕಿಲ್ಲ, ನಾನೂ ಅದನ್ನು ಬರೆಸಿ ಕಂಠಪಾಠ ಮಾಡಿಸಿ ಎನ್ನುತ್ತಿಲ್ಲ. ಆದರೆ ಒಂದೇ ಶಾಲೆಯಲ್ಲಿ ಬೆಳಗ್ಗೆ ವಿಜ್ಞಾನದ ಮೇಷ್ಟ್ರು ಅದಿರನ್ನು ಆಕ್ಸೈಡ್, ಸಲ್ಫೈಡ್, ಕಾರ್ಬೊನೇಟ್ ಎನ್ನುತ್ತಾರೆ, ಮಧ್ಯಾಹ್ನ ಸಮಾಜದ ಮೇಡಂ ಲೋಹ, ಅಲೋಹ, ಇಂಧನ ಎನ್ನುತ್ತಾರೆ. ಮಗು ಎರಡನ್ನೂ ಎರಡು ನೋಟ್‌ಬುಕ್ಕಿನಲ್ಲಿ ಬರೆದು ಎರಡು ಪರೀಕ್ಷೆಯಲ್ಲಿ ಕಕ್ಕುತ್ತದೆ. ಅವೆರಡೂ ಒಂದೇ ಕಲ್ಲಿನ ಮಾತು ಎಂದು ಯಾರೂ ಹೇಳುವುದಿಲ್ಲ. ಎರಡು ನೋಟ್‌ಬುಕ್ಕುಗಳ ನಡುವೆ ಸೇತುವೆ ಹಾಕಲು ನನಗೆ ಇದಕ್ಕಿಂತ ಗಟ್ಟಿಯಾದ ಕಲ್ಲು ಸಿಕ್ಕಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬೋಧನಾಭ್ಯಾಸಕ್ಕೆ ಬಂದ ಹೊಸಬರು ಪ್ರಶ್ನೆಯ ಹಿಂದೆ ಹೋದರೆ ಪಾಠ ಚದುರುತ್ತದೆ. ಮೊದಲು ಯೋಜನೆ ಪಾಲಿಸಲು ಕಲಿಯಲಿ, ಮುಂದೆ ಬಿಡಲು ಕಲಿತಾರು. ಇಪ್ಪತ್ತು ವರ್ಷ ನಾನೂ ಇದನ್ನೇ ಹೇಳಿದ್ದೇನೆ. ಮದ್ದೂರಿನ ಆ ತರಗತಿ ಚದುರಿದ್ದು ನಿಜ, ಮರಳಗಾಲದ ಹುಡುಗನಿಗೆ ಅಂದು ಉತ್ತರ ಸಿಗಲೂ ಇಲ್ಲ. ಆ ಪ್ರಶಿಕ್ಷಣಾರ್ಥಿಗೆ ಬೇಕಾಗಿದ್ದದ್ದು ನನ್ನ ಷರಾ ಅಲ್ಲ, ಈ ಲೇಖನದಲ್ಲಿ ಬರೆದ ಎರಡು ಪುಟ ವಿಷಯ. ಅದನ್ನು ಕಾಲೇಜಿನಲ್ಲಿ ಕೊಡಬೇಕಾಗಿದ್ದವನು ನಾನು. ಕೊಡದೆ, ಅವರಲ್ಲಿ ಇಲ್ಲದ್ದಕ್ಕೆ ಅಂಕ ಕಳೆದೆ. ವಿಜ್ಞಾನದಲ್ಲಿ ತಪ್ಪು ಕೊಂಬೆಗೆ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುವುದು ಮಾಮೂಲು. ಲಂಡನ್ನಿನಲ್ಲಿ ರ್‍ಯಾಮ್ಸೆ ಅವರ ಪ್ರಯೋಗಶಾಲೆಯಲ್ಲಿ ಇದೇ ಥೋರಿಯನೈಟ್‌ನಿಂದ ತೆಗೆದ ಲವಣವನ್ನು ಶೋಧಿಸುತ್ತ ಆಟೋ ಹಾನ್ 1905ರಲ್ಲಿ ರೇಡಿಯೋಥೋರಿಯಂ ಎಂಬ ಹೊಸ ವಸ್ತು ಕಂಡರು. ಆಗ ಅದನ್ನು ಹೊಸ ಧಾತುವೆಂದೇ ಎಣಿಸಿದರು. ಕೆಲವು ವರ್ಷಗಳ ಮೇಲೆ ಸಮಸ್ಥಾನಿ ಎಂಬ ಕಲ್ಪನೆ ಬಂದಾಗ ಅದು ಥೋರಿಯಂನದೇ ಇನ್ನೊಂದು ರೂಪ ಎಂದಾಯಿತು. ಹಾನ್ ಅವರಿಗೆ ಯಾರೂ "ವಿಷಯಾಂತರ" ಎಂದು ಷರಾ ಬರೆಯಲಿಲ್ಲ.

ನಮ್ಮ ವೀಕ್ಷಣಾ ನಮೂನೆಯಲ್ಲಿ ಪೀಠಿಕೆಗೆ, ಪ್ರಶ್ನಿಸುವ ಕೌಶಲಕ್ಕೆ, ಪ್ರಬಲನಕ್ಕೆ, ಕಪ್ಪುಹಲಗೆ ಬಳಕೆಗೆ, ಬೋಧನೋಪಕರಣಕ್ಕೆ, ಕಾಲನಿರ್ವಹಣೆಗೆ ಒಂದೊಂದು ಖಾನೆಯಿದೆ. ಪ್ರಶ್ನಿಸುವ ಕೌಶಲ ಎಂದರೆ ಶಿಕ್ಷಕರು ಕೇಳುವ ಪ್ರಶ್ನೆ. ಮಗು ಕೇಳಿದ ಪ್ರಶ್ನೆಗೆ ಖಾನೆಯಿಲ್ಲ. ನಾನು ವಿಭಾಗದ ಸಭೆಯಲ್ಲಿ ಇಟ್ಟ ಸಲಹೆ ಇಷ್ಟೇ: ಒಂದು ಸಾಲು ಸೇರಿಸೋಣ, "ವಿದ್ಯಾರ್ಥಿಗಳಿಂದ ಬಂದ ಪ್ರಶ್ನೆ ಮತ್ತು ಅದನ್ನು ನಿರ್ವಹಿಸಿದ ರೀತಿ". ಪ್ರಶ್ನೆಯನ್ನು ಮಗುವಿನ ಮಾತಿನಲ್ಲೇ ಬರೆಯಬೇಕು. ಅಂದೇ ಉತ್ತರಿಸಲಾಗದಿದ್ದರೆ ಹಲಗೆಯ ಮೂಲೆಯಲ್ಲಿ ಬರೆದಿಟ್ಟು ಮುಂದಿನ ತರಗತಿಗೆ ಉತ್ತರ ತಂದರೂ ಪೂರ್ಣ ಅಂಕ. ಕಾಲನಿರ್ವಹಣೆಯ ಖಾನೆ ಇರಲಿ, ಅದರಿಂದ ಎರಡು ಅಂಕ ಈ ಕಡೆಗೆ ಬರಲಿ. ಮಳವಳ್ಳಿಯ ಶಾಲೆಗಳ ಮಾರ್ಗದರ್ಶಕ ಶಿಕ್ಷಕರು ಈ ಸಲ ಪೆನ್ಸಿಲಿನಲ್ಲಿ ಆ ಸಾಲು ಬರೆದುಕೊಂಡು ನೋಡಲು ಒಪ್ಪಿದ್ದಾರೆ. ಮಂಡ್ಯದ ಶಾಲೆಗಳಲ್ಲಿ ಇಬ್ಬರು ಒಪ್ಪಿದ್ದಾರೆ, ಒಬ್ಬರು ನಗುತ್ತ "ಮೊದಲು ಪ್ರಶ್ನೆ ಕೇಳೋ ಮಕ್ಕಳನ್ನ ಕಳ್ಸಿ ಸಾರ್" ಎಂದರು.

ಆ ಪ್ರಶಿಕ್ಷಣಾರ್ಥಿ ಈಗ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾರೆ. ಫೋನ್ ಮಾಡಿ ಷರಾದ ವಿಷಯ ಎತ್ತಿದೆ. ಅವರಿಗೆ ಅಂಕ ಮರೆತಿತ್ತು, ಚಾರ್ಟ್ ನೆನಪಿತ್ತು. ನಾಲ್ಕನೆಯ ಕೊಂಬೆಯನ್ನು ಕತ್ತರಿಸಿ ಅದನ್ನೇ ಈಗಲೂ ಬಳಸುತ್ತಿದ್ದೇನೆ ಸರ್, ಎಂದರು. ಕತ್ತರಿಸಬೇಡಿ, ಹಾಗೆಯೇ ತೂಗುಹಾಕಿ ಯಾರಾದರೂ ಕೇಳುತ್ತಾರಾ ನೋಡಿ ಎಂದೆ.